ರಿಚರ್ಡ್ಸ್, ಸಚಿನ್, ಕೊಹ್ಲಿ: ಬೇರೆ ಬೇರೆ ಕಾಲದ ಏಕದಿನ ಬ್ಯಾಟರ್‌ಗಳನ್ನು ತೂಗುವುದು ಹೇಗೆ?

ಪ್ರಶ್ನೆ: ನಮ್ಮ ಮನೆಯಲ್ಲಿ ಮುಗಿಯದ ವಾದ ಒಂದಿದೆ. ಅಪ್ಪನಿಗೆ ಏಕದಿನ ಕ್ರಿಕೆಟ್ ಅಂದರೆ ವಿವಿಯನ್ ರಿಚರ್ಡ್ಸ್, ಅಣ್ಣನಿಗೆ ಸಚಿನ್, ನನಗೆ ವಿರಾಟ್ ಕೊಹ್ಲಿ. ರಿಚರ್ಡ್ಸ್ ಸರಾಸರಿ 47, ಕೊಹ್ಲಿಯದು 58ರ ಆಸುಪಾಸು. ಸಚಿನ್ ಹೊಡೆದದ್ದು 18 ಸಾವಿರಕ್ಕೂ ಹೆಚ್ಚು ರನ್, ರಿಚರ್ಡ್ಸ್ ಏಳು ಸಾವಿರವನ್ನೂ ಮುಟ್ಟಲಿಲ್ಲ. ಆದರೂ ಹಳಬರು ರಿಚರ್ಡ್ಸ್ ಹೆಸರನ್ನೇ ಮೊದಲು ಹೇಳುತ್ತಾರೆ. ಇದು ಬರೀ ಅಭಿಮಾನವೋ, ಲೆಕ್ಕಕ್ಕೂ ನಿಲ್ಲುತ್ತದೋ? ನಮ್ಮ ದ್ರಾವಿಡ್ ಈ ತೂಕದಲ್ಲಿ ಎಲ್ಲಿ ಬರುತ್ತಾರೆ?

ಉತ್ತರ: ಲೆಕ್ಕಕ್ಕೂ ನಿಲ್ಲುತ್ತದೆ. ಆದರೆ ನೀವು ಮೂವರೂ ಹಿಡಿದಿರುವ ಲೆಕ್ಕ ಬೇರೆ, ಹಿಡಿಯಬೇಕಾದ ಲೆಕ್ಕ ಬೇರೆ. ಒಬ್ಬ ಬ್ಯಾಟರನ್ನು ಮೊದಲು ಅಳೆಯಬೇಕಾದದ್ದು ಅದೇ ದಿನ, ಅದೇ ಪಿಚ್ಚಿನಲ್ಲಿ, ಅದೇ ನಿಯಮದಡಿ ಆಡಿದ ಉಳಿದವರ ಜೊತೆ. ಅವರಿಗಿಂತ ಈತ ಎಷ್ಟು ಮೇಲಿದ್ದ ಎಂಬ ಅಂತರವನ್ನು ಮಾತ್ರ ಒಂದು ಕಾಲದಿಂದ ಇನ್ನೊಂದು ಕಾಲಕ್ಕೆ ಒಯ್ಯಬಹುದು. ರನ್ ಮತ್ತು ಸರಾಸರಿಯನ್ನು ಇದ್ದ ಹಾಗೇ ಹೊತ್ತು ತಂದರೆ ದಾರಿಯಲ್ಲೇ ಅವುಗಳ ಬೆಲೆ ಬದಲಾಗಿರುತ್ತದೆ.

ಒಟ್ಟು ರನ್ನಿನ ಮಾತನ್ನು ಬೇಗ ಮುಗಿಸೋಣ. ರಿಚರ್ಡ್ಸ್ 1975ರಿಂದ 1991ರವರೆಗೆ, ಹದಿನಾರು ವರ್ಷದಲ್ಲಿ, ಆಡಿದ್ದು 187 ಪಂದ್ಯ. ವರ್ಷಕ್ಕೆ ಹನ್ನೆರಡರ ಹತ್ತಿರ. ಸಚಿನ್ 1998 ಎಂಬ ಒಂದೇ ವರ್ಷದಲ್ಲಿ 34 ಪಂದ್ಯ ಆಡಿದರು, ಅದರಲ್ಲೇ 1894 ರನ್, 9 ಶತಕ. ಒಟ್ಟು ರನ್ ಎಂಬುದು ಮುಖ್ಯವಾಗಿ ಎಷ್ಟು ಪಂದ್ಯ ಸಿಕ್ಕಿತು, ದೇಹ ಎಷ್ಟು ವರ್ಷ ತಡೆಯಿತು ಎಂಬುದರ ಲೆಕ್ಕ. 463 ಪಂದ್ಯ ಆಡುವಷ್ಟು ಕಾಲ ಸಚಿನ್ ಆ ಮಟ್ಟದಲ್ಲಿ ನಿಂತದ್ದು ಬಹುದೊಡ್ಡ ಸಾಧನೆಯೇ, ಅದಕ್ಕೆ ಆಮೇಲೆ ಬರುತ್ತೇನೆ. ರಿಚರ್ಡ್ಸ್‌ಗೆ ಅಷ್ಟು ಪಂದ್ಯ ಸಿಗದಿದ್ದುದು ಮಾತ್ರ ರಿಚರ್ಡ್ಸ್ ತಪ್ಪಲ್ಲ.

ಇನ್ನು ಕಾಲ ಎಷ್ಟು ಬದಲಾಗಿದೆ ಎಂಬುದಕ್ಕೆ ನಮ್ಮ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣವನ್ನೇ ನೋಡಿ. 1996ರ ಮಾರ್ಚ್ 9, ವಿಶ್ವಕಪ್ ಕ್ವಾರ್ಟರ್ ಫೈನಲ್. ಸಿಧು 93 ಹೊಡೆದು ಕಟ್ಟಿದ ಇನಿಂಗ್ಸಿಗೆ ಕೊನೆಯಲ್ಲಿ ಅಜಯ್ ಜಡೇಜ 25 ಎಸೆತದಲ್ಲಿ 45 ಸೇರಿಸಿದಾಗ ಭಾರತ 8 ವಿಕೆಟಿಗೆ 287. ಅಂದು ಅದು ಬೆಟ್ಟದಂಥ ಮೊತ್ತ, ಪಾಕಿಸ್ತಾನಕ್ಕೆ ಹತ್ತಲಾಗಲಿಲ್ಲ. 2023ರ ನವೆಂಬರ್ 4ರಂದು ಅದೇ ಅಂಗಳದಲ್ಲಿ, ಅದೂ ವಿಶ್ವಕಪ್‌ನಲ್ಲೇ, ನ್ಯೂಜಿಲೆಂಡ್ 6 ವಿಕೆಟಿಗೆ 401 ಹೊಡೆದೂ ಅದೇ ಪಾಕಿಸ್ತಾನಕ್ಕೆ ಸೋತಿತು. ಮಳೆ ಆಟ ನಿಲ್ಲಿಸಿದಾಗ ಪಾಕಿಸ್ತಾನ 25.3 ಓವರಿನಲ್ಲಿ 1 ವಿಕೆಟಿಗೆ 200, ಫಖರ್ ಜಮಾನ್ 81 ಎಸೆತದಲ್ಲಿ ಔಟಾಗದೆ 126. ಇಪ್ಪತ್ತೇಳು ವರ್ಷದಲ್ಲಿ ಊರು ಅದೇ, ಅಂಗಳ ಅದೇ. ಒಂದು ರನ್ನಿನ ಬೆಲೆ ಮಾತ್ರ ಹತ್ತರಲ್ಲಿ ಸುಮಾರು ಏಳು ಪಾಲಿಗೆ ಇಳಿದಿತ್ತು.

ಹೀಗಾದದ್ದಕ್ಕೆ ಕಾರಣ ಬ್ಯಾಟರ್‌ಗಳು ಏಕಾಏಕಿ ಬುದ್ಧಿವಂತರಾದದ್ದಲ್ಲ. ನಿಯಮಗಳು ಒಂದೊಂದಾಗಿ ಅವರ ಕಡೆ ವಾಲಿದವು. ಮೊದಲ ಏಕದಿನ ಪಂದ್ಯ ನಡೆದದ್ದು 1971ರ ಜನವರಿ 5ರಂದು, ಮೆಲ್ಬರ್ನ್‌ನಲ್ಲಿ, ತಲಾ 40 ಓವರು, ಓವರಿಗೆ ಎಂಟು ಎಸೆತ. ಆರಂಭದ ವರ್ಷಗಳಲ್ಲಿ ಫೀಲ್ಡರ್‌ಗಳನ್ನು ಎಲ್ಲಿ ಬೇಕಾದರೂ ನಿಲ್ಲಿಸಬಹುದಿತ್ತು. 1979ರಲ್ಲಿ ಸಿಡ್ನಿಯಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಕೊನೆಯ ಎಸೆತಕ್ಕೆ ಇಂಗ್ಲೆಂಡ್ ನಾಯಕ ಮೈಕ್ ಬ್ರಿಯರ್ಲಿ ವಿಕೆಟ್ ಕೀಪರನ್ನೂ ಸೇರಿಸಿ ಎಲ್ಲರನ್ನೂ ಬೌಂಡರಿ ಗೆರೆಗೆ ಕಳಿಸಿದ್ದರು. ಆಮೇಲೆ ವೃತ್ತ ಬಂತು, ಅಂದರೆ ಪಿಚ್ಚಿನ ಸುತ್ತ ಎಳೆದ ಗೆರೆ, ಅದರ ಹೊರಗೆ ಇಂತಿಷ್ಟೇ ಫೀಲ್ಡರ್‌ಗಳು ನಿಲ್ಲಬಹುದು. 1992ರ ವಿಶ್ವಕಪ್‌ನಲ್ಲಿ ಮೊದಲ 15 ಓವರು ವೃತ್ತದ ಹೊರಗೆ ಇಬ್ಬರೇ ಎಂಬ ನಿಯಮವನ್ನು ಮಾರ್ಕ್ ಗ್ರೇಟ್‌ಬ್ಯಾಚ್ ದುಡಿಸಿಕೊಂಡರು, 1996ರಲ್ಲಿ ಜಯಸೂರ್ಯ ಮತ್ತು ಕಲುವಿತರಣ ಅದನ್ನೇ ಆಯುಧ ಮಾಡಿಕೊಂಡರು. 2005ಕ್ಕೆ ಪವರ್‌ಪ್ಲೇ (ವೃತ್ತದ ಹೊರಗೆ ಕೆಲವೇ ಫೀಲ್ಡರ್‌ಗಳಿರಬೇಕಾದ ಓವರುಗಳು), 2007ಕ್ಕೆ ಫ್ರೀ ಹಿಟ್ (ನೋಬಾಲಿನ ಮುಂದಿನ ಎಸೆತಕ್ಕೆ ಬ್ಯಾಟರ್‌ಗೆ ಔಟಿನ ಭಯ ಬಹುಪಾಲು ಇಲ್ಲ). 2011ರ ಅಕ್ಟೋಬರಿನಿಂದ ಎರಡೂ ತುದಿಗೆ ಬೇರೆ ಬೇರೆ ಹೊಸ ಚೆಂಡು. 2012ರ ಕೊನೆಯಿಂದ ಪವರ್‌ಪ್ಲೇ ಇಲ್ಲದಾಗಲೂ ವೃತ್ತದ ಹೊರಗೆ ನಾಲ್ವರೇ. 2015ರಲ್ಲಿ ಕೊನೆಯ ಹತ್ತು ಓವರಿಗೆ ಐವರನ್ನು ಮರಳಿ ಕೊಟ್ಟರು.

ಇವುಗಳಲ್ಲಿ ಎರಡು ಚೆಂಡಿನ ನಿಯಮವನ್ನು ನೋಡುವವರು ಹೆಚ್ಚಾಗಿ ಗಮನಿಸುವುದಿಲ್ಲ, ಆದರೆ ಅತಿ ದೊಡ್ಡ ಪೆಟ್ಟು ಕೊಟ್ಟದ್ದು ಅದೇ. ಒಂದೇ ಚೆಂಡಿದ್ದಾಗ 40 ಓವರು ಕಳೆಯುವ ಹೊತ್ತಿಗೆ ಅದು ಮೆತ್ತಗಾಗಿ, ಬಣ್ಣಗೆಟ್ಟು, ಒಂದು ಮಗ್ಗುಲು ಸವೆದು ರಿವರ್ಸ್ ಸ್ವಿಂಗ್ ಆಗುತ್ತಿತ್ತು, ಅಂದರೆ ಗಾಳಿಯಲ್ಲಿ ಎಂದಿನದಕ್ಕೆ ಎದುರು ದಿಕ್ಕಿಗೆ ಬಾಗುತ್ತಿತ್ತು. ಪಾಕಿಸ್ತಾನದ ವೇಗಿಗಳಾದ ವಾಸಿಂ, ವಕಾರ್ ಬದುಕಿದ್ದೇ ಅದರ ಮೇಲೆ. ಎರಡು ಚೆಂಡು ಬಂದ ಮೇಲೆ 50ನೇ ಓವರಿನಲ್ಲೂ ಚೆಂಡಿಗೆ ಇಪ್ಪತ್ತೈದು ಓವರಿನ ವಯಸ್ಸಷ್ಟೇ ಆಗಿರುತ್ತಿತ್ತು. ಗಟ್ಟಿ ಚೆಂಡು ಬ್ಯಾಟಿನಿಂದ ದೂರ ಹಾರುತ್ತದೆ, ಸ್ಪಿನ್ನರ್‌ಗೆ ಹಿಡಿತ ಸಿಗುವುದಿಲ್ಲ. ಬ್ಯಾಟಿನ ಅಂಚೂ ದಪ್ಪವಾಯಿತು. ಎಷ್ಟೆಂದರೆ 2017ರಲ್ಲಿ ಅಂಚು 40 ಮಿಲಿಮೀಟರ್, ಒಟ್ಟು ದಪ್ಪ 67 ಮಿಲಿಮೀಟರ್ ಮೀರಬಾರದು ಎಂದು ಕಾನೂನಿನಲ್ಲೇ ಬರೆಯಬೇಕಾಯಿತು.

ಇಷ್ಟೆಲ್ಲದರ ಫಲ ಹೀಗಿದೆ: 1980ರ ದಶಕದಲ್ಲಿ ಏಕದಿನ ಪಂದ್ಯಗಳ ರನ್ ವೇಗ ಓವರಿಗೆ ಸುಮಾರು ನಾಲ್ಕೂವರೆ. 2010ರ ದಶಕದಲ್ಲಿ ಐದೂಕಾಲರ ಹತ್ತಿರ. ಸರಾಸರಿಗಳು ಏರಿದ್ದು ಸ್ವಲ್ಪ, ವೇಗ ಏರಿದ್ದು ಬಹಳ. ಹಾಗಾಗಿ ಸ್ಟ್ರೈಕ್ ರೇಟನ್ನು, ಅಂದರೆ ನೂರು ಎಸೆತಕ್ಕೆ ಬರುವ ರನ್ನನ್ನು, ಕಾಲಕ್ಕೆ ತಕ್ಕಂತೆ ತಿದ್ದದೆ ಯಾವ ಹೋಲಿಕೆಯೂ ನಿಲ್ಲುವುದಿಲ್ಲ.

ತಿದ್ದುವುದು ಹೇಗೆ? ಒಂದು ಸ್ಕೋರ್ ಕಾರ್ಡ್ ಹಿಡಿದು ತೋರಿಸುತ್ತೇನೆ. 1984ರ ಮೇ 31, ಮ್ಯಾಂಚೆಸ್ಟರಿನ ಓಲ್ಡ್ ಟ್ರಾಫರ್ಡ್, 55 ಓವರಿನ ಪಂದ್ಯ. ವೆಸ್ಟ್ ಇಂಡೀಸ್ ಬ್ಯಾಟಿಂಗ್. ಹೇನ್ಸ್ 1, ಗ್ರೀನಿಜ್ 9, ರಿಚರ್ಡ್‌ಸನ್ 6, ಗೋಮ್ಸ್ 4, ಲಾಯ್ಡ್ 8, ಡೂಜಾನ್ 0, ಮಾರ್ಷಲ್ 4. ಎಂಟನೇ ವಿಕೆಟಿಗೆ ಜೊತೆ ನಿಂತ ಬ್ಯಾಪ್ಟಿಸ್ಟ್ 26, ಆಮೇಲೆ ಗಾರ್ನರ್ 3. ಆಗ 9 ವಿಕೆಟಿಗೆ 166. ಹನ್ನೊಂದನೆಯವರಾಗಿ ಬಂದವರು ಮೈಕೆಲ್ ಹೋಲ್ಡಿಂಗ್. ಮುರಿಯದ ಹತ್ತನೇ ವಿಕೆಟಿಗೆ 106 ರನ್ ಬಂತು, ಅದರಲ್ಲಿ ಹೋಲ್ಡಿಂಗ್ ಪಾಲು 12. ಓವರು ಮುಗಿದಾಗ 9ಕ್ಕೆ 272, ರಿಚರ್ಡ್ಸ್ 170 ಎಸೆತದಲ್ಲಿ ಔಟಾಗದೆ 189, 21 ಬೌಂಡರಿ, 5 ಸಿಕ್ಸರ್.

ಈಗ ಲೆಕ್ಕ ಮಾಡಿ. 272ರಲ್ಲಿ ಇತರೆ ರನ್ (ವೈಡ್, ನೋಬಾಲಿನಂತೆ ಬ್ಯಾಟಿನಿಂದ ಬಾರದವು) 10. ರಿಚರ್ಡ್ಸ್‌ರ 189 ಕಳೆಯಿರಿ. ಉಳಿದ ಹತ್ತು ಮಂದಿ ಬ್ಯಾಟಿನಿಂದ ಹೊಡೆದದ್ದು 73. 55 ಓವರಿಗೆ 330 ಎಸೆತ, ಅದರಲ್ಲಿ 170 ರಿಚರ್ಡ್ಸ್‌ರದು. ಉಳಿದವರಿಗೆ ಸುಮಾರು 160. ಅಂದರೆ ಉಳಿದವರ ವೇಗ ನೂರು ಎಸೆತಕ್ಕೆ 46ರ ಹತ್ತಿರ, ರಿಚರ್ಡ್ಸ್‌ರದು 111. ಭಾಗಿಸಿದರೆ ಸಿಗುವ ಪ್ರಮಾಣ 2.4. ಆ ಉಳಿದವರಲ್ಲಿ ಗ್ರೀನಿಜ್, ಹೇನ್ಸ್, ಲಾಯ್ಡ್ ಇದ್ದರು ಎಂಬುದನ್ನು ಮರೆಯಬೇಡಿ. ಪಿಚ್ಚು ಹೇಗಿತ್ತು, ಚೆಂಡು ಎಷ್ಟು ತಿರುಗುತ್ತಿತ್ತು, ಬೌಂಡರಿ ಎಷ್ಟು ದೂರ ಎಂಬುದನ್ನು ನಾವು ಬೇರೆಯಾಗಿ ತಿಳಿಯಬೇಕಿಲ್ಲ. ಜೊತೆಗಿದ್ದವರ ಅಂಕಿಯಲ್ಲೇ ಅವೆಲ್ಲ ಸೇರಿಕೊಂಡಿವೆ. ಈ ವಿಧಾನದ ಸೊಗಸೇ ಅದು. ಆಮೇಲೆ ಇಂಗ್ಲೆಂಡ್ ಇಡೀ ತಂಡ ಸೇರಿ ಹೊಡೆದದ್ದು 168, ರಿಚರ್ಡ್ಸ್ ಒಬ್ಬರಿಗಿಂತ 21 ಕಡಿಮೆ.

ಇದೇ ಅಳತೆಗೋಲನ್ನು ಬೇರೆ ಕಾಲಕ್ಕೆ ಹಿಡಿಯಿರಿ. 1998ರ ಏಪ್ರಿಲ್ 22, ಶಾರ್ಜಾ, ಮರಳು ಬಿರುಗಾಳಿಯ ದಿನ. ಭಾರತ 46 ಓವರಿನಲ್ಲಿ 5 ವಿಕೆಟಿಗೆ 250, ಸಚಿನ್ 131 ಎಸೆತದಲ್ಲಿ 143. ಉಳಿದವರು ಸುಮಾರು 145 ಎಸೆತದಲ್ಲಿ 95. ಪ್ರಮಾಣ 1.67. 2012ರ ಫೆಬ್ರವರಿ 28, ಹೋಬಾರ್ಟ್. 321ರ ಗುರಿಯನ್ನು 40 ಓವರಿನೊಳಗೆ ಮುಟ್ಟಿದರೆ ಮಾತ್ರ ಭಾರತ ಸರಣಿಯಲ್ಲಿ ಉಳಿಯುತ್ತಿತ್ತು. 36.4 ಓವರಿಗೇ ಮುಗಿಸಿತು. ಕೊಹ್ಲಿ 86 ಎಸೆತದಲ್ಲಿ ಔಟಾಗದೆ 133, ಮಾಲಿಂಗ 7.4 ಓವರಿನಲ್ಲಿ 96 ರನ್ ಕೊಟ್ಟರು. ಆದರೆ ಸೆಹ್ವಾಗ್, ಸಚಿನ್, ಗಂಭೀರ್, ರೈನಾ ಸೇರಿ 134 ಎಸೆತದಲ್ಲಿ 172 ಹೊಡೆದಿದ್ದರು. ಹಾಗಾಗಿ ಕೊಹ್ಲಿಯ ಪ್ರಮಾಣ 1.2. ಮತ್ತೆ ಚಿನ್ನಸ್ವಾಮಿಗೆ ಬಂದರೆ, 2013ರ ನವೆಂಬರ್ 2, ಆಸ್ಟ್ರೇಲಿಯ ವಿರುದ್ಧ ರೋಹಿತ್ ಶರ್ಮಾ 158 ಎಸೆತದಲ್ಲಿ 209, 16 ಸಿಕ್ಸರ್. ಉಳಿದವರು ಸುಮಾರು 142 ಎಸೆತದಲ್ಲಿ 162. ಪ್ರಮಾಣ 1.16. ದ್ವಿಶತಕವಾದರೂ ಅಂದಿನ ಆಟದಲ್ಲಿ ಎಲ್ಲರೂ ಹೊಡೆಯುತ್ತಿದ್ದರು. ಎದುರಾಳಿ ತಂಡದ ಫಾಕ್ನರ್ 73 ಎಸೆತದಲ್ಲಿ 116 ಬಾರಿಸಿದ್ದರು.

ಇಲ್ಲಿಗೇ ನಿಂತರೆ ತಪ್ಪು ತೀರ್ಮಾನಕ್ಕೆ ಬೀಳುತ್ತೀರಿ. ಒಂದೇ ಇನಿಂಗ್ಸಿನ ಪ್ರಮಾಣ ಎಷ್ಟು ಮೋಸ ಮಾಡಬಲ್ಲದು ಎಂಬುದಕ್ಕೆ ಎರಡು ಉದಾಹರಣೆ. 1983ರ ಜೂನ್ 18, ಟನ್‌ಬ್ರಿಜ್ ವೆಲ್ಸ್. ಭಾರತ 17ಕ್ಕೆ 5. ಕಪಿಲ್ ದೇವ್ 138 ಎಸೆತದಲ್ಲಿ ಔಟಾಗದೆ 175. 60 ಓವರಿನಲ್ಲಿ ಉಳಿದವರ ಪಾಲಿಗೆ ಬಂದದ್ದು ಸುಮಾರು 222 ಎಸೆತ, ಹೊಡೆದದ್ದು 79. ಪ್ರಮಾಣ ಮೂರೂವರೆ ದಾಟುತ್ತದೆ! ಆ 79ರಲ್ಲಿ ನಮ್ಮ ರೋಜರ್ ಬಿನ್ನಿಯ 22, ಸಯ್ಯದ್ ಕಿರ್ಮಾನಿಯ 24 ಇವೆ. ಕಿರ್ಮಾನಿ ಒಂದು ತುದಿ ಕಾದದ್ದಕ್ಕೇ ಮುರಿಯದ ಒಂಬತ್ತನೇ ವಿಕೆಟಿಗೆ 126 ಸೇರಿತು. ಭಾರತದ ಕ್ರಿಕೆಟಿನ ದಿಕ್ಕು ಬದಲಿಸಿದ ಆಟಗಳಲ್ಲಿ ಅದೂ ಒಂದು, ಸಂಶಯವಿಲ್ಲ. ಆದರೆ ಎದುರಾಳಿ ಜಿಂಬಾಬ್ವೆ, ಅದಕ್ಕೆ ಟೆಸ್ಟ್ ಮಾನ್ಯತೆ ಸಿಕ್ಕಿದ್ದೇ 1992ರಲ್ಲಿ. ಕಪಿಲ್‌ರ ಇಡೀ ವೃತ್ತಿಜೀವನದ ಸರಾಸರಿ 23.79. ಒಂದು ಇನಿಂಗ್ಸಿನಿಂದ ಅವರನ್ನು ರಿಚರ್ಡ್ಸ್‌ಗಿಂತ ಮೇಲೆ ಕೂರಿಸಲಾಗದು.

ಇನ್ನೊಂದು 2015ರ ಜನವರಿ 18ರದು. ಜೋಹಾನ್ಸ್‌ಬರ್ಗ್‌ನಲ್ಲಿ ಎ.ಬಿ. ಡಿವಿಲಿಯರ್ಸ್ 31 ಎಸೆತಕ್ಕೆ ಶತಕ, 44 ಎಸೆತಕ್ಕೆ 149. ಆಮ್ಲ, ರೊಸೊ ಇಬ್ಬರೂ ಶತಕ ಹೊಡೆದಿದ್ದರೂ ಪ್ರಮಾಣ ಮೂರು ದಾಟುತ್ತದೆ. ಆದರೆ ಡಿವಿಲಿಯರ್ಸ್ ಕ್ರೀಸಿಗೆ ಬಂದದ್ದು 39ನೇ ಓವರಿನಲ್ಲಿ, ಒಂದೇ ವಿಕೆಟ್ ಬಿದ್ದು 247 ರನ್ ಆಗಿದ್ದಾಗ. ಆರಂಭಿಕರ ವೇಗದ ಎದುರು ಅದನ್ನು ಇಡುವುದು ನ್ಯಾಯವಲ್ಲ. ಕೊನೆಯ ಹನ್ನೊಂದು ಓವರಿನಲ್ಲಿ ಆಡಿದವರನ್ನು ಅದೇ ಹಂತದಲ್ಲಿ ಆಡಿದವರ ಜೊತೆಗೇ ಹೋಲಿಸಬೇಕು. ಮೊದಲ ಹತ್ತು, ನಡುವಿನ ಮೂವತ್ತು, ಕೊನೆಯ ಹತ್ತು, ಇವು ಮೂರು ಬೇರೆ ಬೇರೆ ಆಟಗಳೇ ಎಂದು ಇಟ್ಟುಕೊಳ್ಳಿ.

ಸರಾಸರಿಯಲ್ಲೂ ಒಂದು ಹಳ್ಳವಿದೆ. ಸರಾಸರಿ ಎಂದರೆ ರನ್ನನ್ನು ಔಟಾದ ಸಲಗಳಿಂದ ಭಾಗಿಸಿದ್ದು, ಆಡಿದ ಇನಿಂಗ್ಸಿನಿಂದ ಅಲ್ಲ. ಕೆಳಗೆ ಆಡುವವರು ಓವರು ಮುಗಿದು ಔಟಾಗದೆ ಉಳಿಯುವುದು ಹೆಚ್ಚು. ಮೈಕೆಲ್ ಬೆವನ್ 196 ಇನಿಂಗ್ಸಿನಲ್ಲಿ 67 ಸಲ ಔಟಾಗದೆ ಉಳಿದರು. ಸರಾಸರಿ 53.58 ಇದ್ದರೂ ಇನಿಂಗ್ಸಿಗೆ ಬಂದದ್ದು 35 ರನ್. ಧೋನಿ 297ರಲ್ಲಿ 84 ಸಲ, ಸರಾಸರಿ 50.57, ಇನಿಂಗ್ಸಿಗೆ 36. ರಿಚರ್ಡ್ಸ್ 167ರಲ್ಲಿ 24 ಸಲ, ಇನಿಂಗ್ಸಿಗೆ 40. ಸಚಿನ್ 452ರಲ್ಲಿ 41 ಸಲ, ಇನಿಂಗ್ಸಿಗೆ 41ರ ಹತ್ತಿರ. ಡಿವಿಲಿಯರ್ಸ್‌ಗೆ 44. ಕೊಹ್ಲಿ 2023ರ ವಿಶ್ವಕಪ್ ಮುಗಿದಾಗ 280 ಇನಿಂಗ್ಸಿನಲ್ಲಿ 13,848 ರನ್, ಇನಿಂಗ್ಸಿಗೆ 49ಕ್ಕೂ ಮೇಲೆ. ಗಮನಿಸಿ, ಸರಾಸರಿಯಲ್ಲಿ ಸಚಿನ್‌ಗಿಂತ ಸುಮಾರು ಒಂಬತ್ತು ರನ್ ಮುಂದಿದ್ದ ಬೆವನ್ ಇಲ್ಲಿ ಹಿಂದೆ ಬಿದ್ದರು. ಹಾಗೆಂದು ಬೆವನ್ ಸಣ್ಣವರಲ್ಲ. ಅವರ ಕೆಲಸ ಬೇರೆ, ಆ ಕೆಲಸದಲ್ಲಿ ಅವರೇ ಗುರು. ಕೊಹ್ಲಿಯ ಅಂಕಿ ಮಾತ್ರ ಎರಡೂ ರೀತಿಯಲ್ಲಿ ಎತ್ತರದಲ್ಲೇ ಉಳಿಯುತ್ತದೆ. ಔಟಾಗದೆ ಉಳಿದದ್ದರಿಂದ ಹಿಗ್ಗಿದ ಸರಾಸರಿ ಅದಲ್ಲ.

ಈಗ ಇಡೀ ವೃತ್ತಿಜೀವನಕ್ಕೆ ಬರೋಣ. ಸ್ಟ್ರೈಕ್ ರೇಟನ್ನು ಆರರಿಂದ ಗುಣಿಸಿ ನೂರರಿಂದ ಭಾಗಿಸಿದರೆ ಓವರಿನ ಲೆಕ್ಕ ಸಿಗುತ್ತದೆ. ಅದನ್ನು ಆ ಕಾಲದ ರನ್ ವೇಗದಿಂದ ಭಾಗಿಸಿ. ರಿಚರ್ಡ್ಸ್ 90.20, ಅಂದರೆ ಓವರಿಗೆ 5.41. ಆ ಕಾಲದ ನಾಲ್ಕೂವರೆಯಿಂದ ಭಾಗಿಸಿದರೆ 1.2. ಸಚಿನ್ 86.23, ಓವರಿಗೆ 5.17. ಅವರ ಕಾಲವನ್ನು 4.8 ಎಂದು ಹಿಡಿದರೆ 1.08. ಕೊಹ್ಲಿ 93ಕ್ಕೂ ಮೇಲೆ, ಓವರಿಗೆ 5.6. ಅದೂ 1.08ರ ಹತ್ತಿರವೇ. ಡಿವಿಲಿಯರ್ಸ್ 101.09, 1.19. ಜಯಸೂರ್ಯ 91.20, 1.15ರ ಹತ್ತಿರ, ಆದರೆ ಸರಾಸರಿ 32. ಕಾಲದ ಅಂಕಿ ಸುಮಾರಿನದು, ಅದರಲ್ಲಿ ಇತರೆ ರನ್ನೂ ಸೇರಿದೆ. ಆದ್ದರಿಂದ ಎರಡನೇ ದಶಮಾಂಶಕ್ಕೆ ಜಗಳ ಬೇಡ. ರಿಚರ್ಡ್ಸ್‌ರ 1.2 ಅನ್ನು ಇಂದಿನ ಐದೂಕಾಲಿಗೆ ಗುಣಿಸಿದರೆ ಸ್ಟ್ರೈಕ್ ರೇಟ್ 105 ಆಗುತ್ತದೆ. ಮೂರು ನಾಲ್ಕನೇ ಕ್ರಮಾಂಕದಲ್ಲಿ ನಿಂತು, ಹೆಲ್ಮೆಟ್ ಹಾಕದೆ, 105ರ ವೇಗದಲ್ಲಿ, 47ರ ಸರಾಸರಿಯಲ್ಲಿ ಹದಿನಾರು ವರ್ಷ. ನಿಮ್ಮ ಅಪ್ಪ ಕಂಡದ್ದು ಇದನ್ನೇ.

ವೇಗದಲ್ಲಿ ಡಿವಿಲಿಯರ್ಸ್ ಸಮಕ್ಕೆ ಬರುತ್ತಾರೆ, ಸರಾಸರಿಯಲ್ಲಿ ಮುಂದಿದ್ದಾರೆ. ಹಾಗಾದರೆ ಅವರೇ ಏಕಲ್ಲ? ಇಲ್ಲಿ ನಾನು ಇನ್ನೊಂದು ಪ್ರಶ್ನೆ ಕೇಳುತ್ತೇನೆ: ಆಯಾ ಕಾಲದಲ್ಲಿ ಎರಡನೆಯವನು ಎಷ್ಟು ದೂರದಲ್ಲಿದ್ದ? ಡಿವಿಲಿಯರ್ಸ್ ಆಡುತ್ತಿದ್ದಾಗ ಕೊಹ್ಲಿ 93ರ ವೇಗದಲ್ಲಿ, ವಾರ್ನರ್ 45.30 ಸರಾಸರಿ ಇಟ್ಟುಕೊಂಡು 97ರ ವೇಗದಲ್ಲಿ, ಆಮ್ಲ 49.46 ಸರಾಸರಿ ಇಟ್ಟುಕೊಂಡು 88ರ ವೇಗದಲ್ಲಿ ಆಡುತ್ತಿದ್ದರು. ಹೆಗಲ ಹತ್ತಿರ ಹಲವರಿದ್ದರು. ರಿಚರ್ಡ್ಸ್ ಕಾಲಕ್ಕೆ ಹೋಗಿ. ಅವರದೇ ತಂಡದ ಗ್ರೀನಿಜ್ ಸರಾಸರಿ 45.03, ಆದರೆ ಸ್ಟ್ರೈಕ್ ರೇಟ್ 64.92. ಹೇನ್ಸ್ 63.09. ಏಕದಿನ ಬ್ಯಾಟಿಂಗನ್ನೇ ಬದಲಿಸಿದವರು ಎಂದು ಹೊಗಳಿಸಿಕೊಂಡ ಡೀನ್ ಜೋನ್ಸ್ 44.61 ಮತ್ತು 72.56. ಮಿಯಾಂದಾದ್ 41.70 ಮತ್ತು 67.01. ಕಪಿಲ್ ವೇಗದಲ್ಲಿ ರಿಚರ್ಡ್ಸ್‌ಗಿಂತಲೂ ಮುಂದೆ, 95.07, ಆದರೆ ಸರಾಸರಿ ಅರ್ಧ. ಎರಡೂ ಒಟ್ಟಿಗಿದ್ದು ಹತ್ತಿರ ಬಂದವರು ಒಬ್ಬರೇ, ಪಾಕಿಸ್ತಾನದ ಜಹೀರ್ ಅಬ್ಬಾಸ್: 47.62 ಮತ್ತು 84.80. ಏಕದಿನದಲ್ಲಿ ಸತತ ಮೂರು ಶತಕ ಹೊಡೆದ ಮೊದಲಿಗರು ಅವರು, ಆದರೆ ಆಡಿದ್ದು 62 ಪಂದ್ಯ ಮಾತ್ರ. ಜಹೀರ್ ಹೆಸರು ಈ ಚರ್ಚೆಯಲ್ಲಿ ಬರದೇ ಹೋಗುವುದು ನನಗೆ ನಿಜಕ್ಕೂ ನೋವಿನ ಸಂಗತಿ. ಐಸಿಸಿ ತನ್ನ ರೇಟಿಂಗ್ ವಿಧಾನವನ್ನು ಹಳೆಯ ಪಂದ್ಯಗಳಿಗೂ ಅನ್ವಯಿಸಿದಾಗ ಏಕದಿನದ ಅತ್ಯುನ್ನತ ಅಂಕ ಬಂದದ್ದು 1985ರ ರಿಚರ್ಡ್ಸ್‌ಗೆ, 935. ಎರಡನೆಯದು ಜಹೀರ್‌ಗೆ, 931. ಕಾಲದ ತೂಕ ಸೇರಿಸಿದರೆ ಪಟ್ಟಿ ಹೇಗೆ ಬದಲಾಗುತ್ತದೆ ಎಂಬುದು ಅಲ್ಲೂ ಕಾಣುತ್ತದೆ.

ರಿಚರ್ಡ್ಸ್ ವಿರುದ್ಧದ ವಾದವನ್ನೂ ಹೇಳಬೇಕು. ಆ ಕಾಲದ ಅತಿ ಕಠಿಣ ಬೌಲಿಂಗನ್ನು ಅವರು ಅಂತರರಾಷ್ಟ್ರೀಯ ಪಂದ್ಯದಲ್ಲಿ ಎದುರಿಸಲೇ ಇಲ್ಲ, ಅದು ಅವರದೇ ತಂಡದಲ್ಲಿತ್ತು. ಜೋಯೆಲ್ ಗಾರ್ನರ್ 98 ಪಂದ್ಯದಲ್ಲಿ ಓವರಿಗೆ ಕೊಟ್ಟದ್ದು 3.09 ರನ್. ಗವಾಸ್ಕರ್, ಮಿಯಾಂದಾದ್, ಜೋನ್ಸ್‌ರ ಅಂಕಿಯಲ್ಲಿ ಗಾರ್ನರ್, ಮಾರ್ಷಲ್, ಹೋಲ್ಡಿಂಗ್ ಇದ್ದಾರೆ, ರಿಚರ್ಡ್ಸ್‌ರದರಲ್ಲಿ ಇಲ್ಲ. ಈ ತೂಕವನ್ನು ಇಳಿಸಿದರೂ ಗ್ರೀನಿಜ್ ಮತ್ತು ಹೇನ್ಸ್‌ಗೂ ಅದೇ ರಿಯಾಯಿತಿ ಇತ್ತಲ್ಲ. ಅವರಿಗಿಂತ 25 ರನ್ ಮುಂದಿರುವ ಸ್ಟ್ರೈಕ್ ರೇಟಿಗೆ ಅದು ಉತ್ತರವಾಗುವುದಿಲ್ಲ. 1979ರ ವಿಶ್ವಕಪ್ ಫೈನಲಿನ ಔಟಾಗದ 138 ಅನ್ನು ರಿಚರ್ಡ್ಸ್ ಪರ ಎಲ್ಲರೂ ಹೇಳುತ್ತಾರೆ. ಆದರೆ ನಮ್ಮ ಅಳತೆಯಲ್ಲಿ ಅಂದು ವೇಗ ಕೊಟ್ಟವರು 66 ಎಸೆತದಲ್ಲಿ 86 ಹೊಡೆದ ಕಾಲಿಸ್ ಕಿಂಗ್, ರಿಚರ್ಡ್ಸ್ 157 ಎಸೆತ ಆಡಿ ಇನಿಂಗ್ಸನ್ನು ಕಾಪಾಡಿದರು. ಆ ದಿನಕ್ಕೆ ಬೇಕಾದದ್ದೂ ಅದೇ.

ಹೀಗಾಗಿ ನನ್ನ ಮೊದಲ ಹೆಸರು ರಿಚರ್ಡ್ಸ್. ಎರಡನೆಯ ಸ್ಥಾನಕ್ಕೆ ಸಚಿನ್, ಕೊಹ್ಲಿ, ಡಿವಿಲಿಯರ್ಸ್ ನಡುವೆ ಅಂತರ ಕೂದಲೆಳೆಯಷ್ಟು, ನಾನು ಕೊಹ್ಲಿಯನ್ನು ಇಡುತ್ತೇನೆ. ಕಾರಣ, ಗುರಿ ಬೆನ್ನಟ್ಟುವಾಗ ಕೊಹ್ಲಿಯ ಸರಾಸರಿ 60 ದಾಟುತ್ತದೆ, ಸಚಿನ್‌ರದು 42ರ ಆಸುಪಾಸು. ಎರಡನೇ ಬ್ಯಾಟಿಂಗಿನಲ್ಲಿ ಔಟಾಗದೆ ಉಳಿಯುವುದು ಸುಲಭ, ಆ ರಿಯಾಯಿತಿ ಕಳೆದರೂ ಇಷ್ಟು ದೊಡ್ಡ ಅಂತರ ಮುಚ್ಚುವುದಿಲ್ಲ. 2012ರ ಮಾರ್ಚ್ 18ರಂದು ಢಾಕಾದಲ್ಲಿ ಪಾಕಿಸ್ತಾನದ 330ರ ಗುರಿಗೆ 148 ಎಸೆತದಲ್ಲಿ 183, 2023ರ ವಿಶ್ವಕಪ್‌ನಲ್ಲಿ 11 ಇನಿಂಗ್ಸಿಗೆ 765 ರನ್. ಇವು ಯಾವ ಕಾಲಕ್ಕೆ ಇಟ್ಟರೂ ದೊಡ್ಡವೇ.

ಸಚಿನ್ ವಿಷಯದಲ್ಲಿ ಇಡೀ ವೃತ್ತಿಜೀವನದ ಅಂಕಿ ಅವರಿಗೆ ಅನ್ಯಾಯ ಮಾಡುತ್ತದೆ ಎಂದು ನಾನು ನಂಬುತ್ತೇನೆ. 1994ರ ಮಾರ್ಚ್ 27ರವರೆಗೆ ಅವರು ಆಡಿದ್ದು ನಡುವಿನ ಕ್ರಮಾಂಕದಲ್ಲಿ. ಅಂದು ಆಕ್ಲೆಂಡ್‌ನಲ್ಲಿ ಸಿಧು ಕತ್ತು ಹಿಡಿದುಕೊಂಡಿದ್ದರಿಂದ ಆರಂಭಿಕರಾಗಿ ಇಳಿದು 49 ಎಸೆತದಲ್ಲಿ 82 ಹೊಡೆದರು. ಮೊದಲ ಶತಕ ಬಂದದ್ದು 79ನೇ ಪಂದ್ಯದಲ್ಲಿ. ಆರಂಭಿಕರಾಗಿ 340 ಇನಿಂಗ್ಸಿನಲ್ಲಿ 15,310 ರನ್, ಸರಾಸರಿ 48.29, ಸ್ಟ್ರೈಕ್ ರೇಟ್ 88. ಆ ಕಾಲದ ಆರಂಭಿಕರಲ್ಲಿ ಗಿಲ್‌ಕ್ರಿಸ್ಟ್ 96.94ರ ವೇಗ, ಆದರೆ 35.89ರ ಸರಾಸರಿ. ಸಯೀದ್ ಅನ್ವರ್ 39.21 ಮತ್ತು 80.67. ಎರಡನ್ನೂ ಸೇರಿಸಿದರೆ ಸಚಿನ್ ಹತ್ತಿರ ಯಾರೂ ಇಲ್ಲ. ಬರೀ ಆರಂಭಿಕರ ಪಟ್ಟಿ ಮಾಡಿದರೆ ನಿಮ್ಮ ಅಣ್ಣನೇ ಗೆಲ್ಲುತ್ತಾರೆ.

ದ್ರಾವಿಡ್ ಬಗ್ಗೆ ನೇರವಾಗಿ ಹೇಳುತ್ತೇನೆ. 344 ಪಂದ್ಯ, 10,889 ರನ್, ಸರಾಸರಿ 39.16, ಸ್ಟ್ರೈಕ್ ರೇಟ್ 71.24. ಕಾಲದ ಪ್ರಮಾಣ 0.9ರ ಹತ್ತಿರ, ಅಂದರೆ ತಮ್ಮ ಕಾಲದ ವೇಗಕ್ಕಿಂತ ಕೆಳಗೆ. ಈ ಪಟ್ಟಿಯ ಮೊದಲ ಹತ್ತರಲ್ಲಿ ಅವರು ಬರುವುದಿಲ್ಲ. ಆದರೆ ಈ ಅಳತೆಗೆ ಸಿಗದ ಕೆಲಸವೂ ಇತ್ತು. 2003ರ ವಿಶ್ವಕಪ್‌ನಲ್ಲಿ ಅವರು ವಿಕೆಟ್ ಕೀಪರ್ ಗ್ಲೌಸ್ ತೊಟ್ಟದ್ದರಿಂದಲೇ ತಂಡಕ್ಕೆ ಏಳನೇ ಬ್ಯಾಟರ್ ಸಿಕ್ಕಿದ್ದು. 1999ರ ವಿಶ್ವಕಪ್‌ನಲ್ಲಿ 461 ರನ್ ಹೊಡೆದು ಎಲ್ಲ ದೇಶದವರಿಗಿಂತ ಮುಂದಿದ್ದವರು ಅವರೇ. ಟಾಂಟನ್‌ನಲ್ಲಿ ಗಂಗೂಲಿ ಜೊತೆ 318 ರನ್ ಸೇರಿಸಿದ ದಿನ ದ್ರಾವಿಡ್‌ರದು 129 ಎಸೆತದಲ್ಲಿ 145. ನಿಧಾನದವರು ಎಂಬ ಒಂದೇ ಮಾತಿಗೆ ಅವರನ್ನು ಕಟ್ಟಿಹಾಕುವವರಿಗೆ 2003ರ ನವೆಂಬರಿನಲ್ಲಿ ಹೈದರಾಬಾದಿನಲ್ಲಿ ನ್ಯೂಜಿಲೆಂಡ್ ವಿರುದ್ಧ 22 ಎಸೆತಕ್ಕೆ ಬಂದ ಅರ್ಧಶತಕ ತೋರಿಸಿ.

ನೀವೇ ಮನೆಯಲ್ಲಿ ಲೆಕ್ಕ ಹಾಕುವುದಾದರೆ ಕ್ರಮ ಹೀಗಿರಲಿ. ಸ್ಟ್ಯಾಟ್ಸ್‌ಗುರುವಿನಂಥ ಹುಡುಕು ಸೌಲಭ್ಯದಲ್ಲಿ ಆಟಗಾರನ ಮೊದಲ ಮತ್ತು ಕೊನೆಯ ಪಂದ್ಯದ ದಿನಾಂಕ ಹಾಕಿ, ಒಂದರಿಂದ ಆರರವರೆಗಿನ ಕ್ರಮಾಂಕವನ್ನಷ್ಟೇ ಆರಿಸಿ, ಟೆಸ್ಟ್ ಆಡುವ ದೇಶಗಳ ನಡುವಿನ ಪಂದ್ಯಗಳನ್ನು ಮಾತ್ರ ಉಳಿಸಿ. ಅಲ್ಲಿ ಸಿಗುವ ಒಟ್ಟು ಅಂಕಿಯಿಂದ ನಿಮ್ಮ ಆಟಗಾರನ ರನ್, ಎಸೆತ, ಔಟು ಮೂರನ್ನೂ ಕಳೆದು ಉಳಿದವರ ಸರಾಸರಿ, ವೇಗ ತೆಗೆಯಿರಿ. ಸಾಧ್ಯವಾದರೆ ಆತ ಆಡಿದ ಪಂದ್ಯಗಳಿಗೇ ಸೀಮಿತ ಮಾಡಿ, ಎರಡೂ ತಂಡದ ಬ್ಯಾಟರ್‌ಗಳನ್ನು ಸೇರಿಸಿ. ಸ್ವಂತ ತಂಡದವರನ್ನಷ್ಟೇ ಹಿಡಿದರೆ ದುರ್ಬಲ ತಂಡದ ಒಳ್ಳೆಯ ಆಟಗಾರ ದೈತ್ಯನಂತೆ ಕಾಣುತ್ತಾನೆ. ನೂರು ಇನಿಂಗ್ಸಿಗಿಂತ ಕಡಿಮೆ ಇದ್ದರೆ ಫಲಿತಾಂಶವನ್ನು ಸಡಿಲವಾಗಿ ಹಿಡಿಯಿರಿ. 1970 ಮತ್ತು 80ರ ದಶಕದ ಕೆಲವು ಕಾರ್ಡ್‌ಗಳಲ್ಲಿ ಎದುರಿಸಿದ ಎಸೆತಗಳ ಸಂಖ್ಯೆಯೇ ಇಲ್ಲ. ಅಂಥ ಇನಿಂಗ್ಸನ್ನು ವೇಗದ ಲೆಕ್ಕದಿಂದ ಪೂರ್ತಿ ಬಿಡಿ, ರನ್ ಮಾತ್ರ ಸೇರಿಸಿ ಎಸೆತ ಬಿಟ್ಟರೆ ಸ್ಟ್ರೈಕ್ ರೇಟ್ ಸುಳ್ಳಾಗಿ ಉಬ್ಬುತ್ತದೆ. ಇಡೀ ವೃತ್ತಿಜೀವನವನ್ನು ಒಂದೇ ಮುದ್ದೆ ಮಾಡದೆ 1992, 2005, 2011ರ ಅಕ್ಟೋಬರ್ ಹೀಗೆ ನಿಯಮ ಬದಲಾದ ಕಡೆ ಕತ್ತರಿಸಿ ನೋಡಿ, ಕೊಹ್ಲಿಯಂಥವರ ಆಟ ಎರಡು ಕಾಲಕ್ಕೆ ಚಾಚಿಕೊಂಡಿದೆ. 2025ರ ಜುಲೈಯಿಂದ 34 ಓವರಿನ ನಂತರ ಎರಡರಲ್ಲಿ ಒಂದೇ ಚೆಂಡನ್ನು ಉಳಿಸಿಕೊಳ್ಳುವ ನಿಯಮ ಬಂದಿದೆ. ಕೊನೆಯ ಓವರುಗಳಲ್ಲಿ ಹಳೆಯ ಚೆಂಡು ಮರಳಿರುವುದರಿಂದ ಅಲ್ಲಿಂದಾಚೆಗಿನ ಪಂದ್ಯಗಳನ್ನೂ ಬೇರೆಯೇ ಕಟ್ಟಾಗಿ ಇಟ್ಟುಕೊಳ್ಳಿ.